ಪಟ್ಟಿಯಿಂದ ಕೈಬಿಟ್ಟ ಹೆಸರು

ಜುಲೈ 8, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ಹೇಳಲಾಗದ್ದು ತಲೆಯಲ್ಲಿ ಸುತ್ತುತ್ತಿದ್ದರೆ ಪಾಠ ಕೆಡುತ್ತದೆ. ಹತ್ತೊಂಬತ್ತು ವರ್ಷಗಳಿಂದ ಗಣಿತ ಹೇಳುತ್ತಿರುವ ನಾನು ಇವತ್ತು ಬೋರ್ಡಿನ ಮೇಲೆ ಒಂದು ಸುಲಭದ ಸಮೀಕರಣವನ್ನು ತಪ್ಪಾಗಿ ಬಿಡಿಸಿದೆ. ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ತಪ್ಪೆಂದು ಹೇಳಲಿಲ್ಲ. ಎಲ್ಲರೂ ಹಾಗೆಯೇ ಬರೆದುಕೊಂಡರು.

ಈ ವರ್ಷ ಹತ್ತನೇ ತರಗತಿಯನ್ನು ಮೇಲಿನ ಕೋಣೆಗೆ ಹಾಕಿದ್ದಾರೆ. ಕೋಟೆಯೊಳಗಿನ ಗಲ್ಲಿ, ಎರಡು ಸೈಕಲ್ಲು ಎದುರಾದರೆ ಒಂದು ನಿಲ್ಲಬೇಕು. ಎದುರು ಮನೆ ಗಫಾರನದು. ಗೂಡ್ಸ್ ಆಟೋ ಓಡಿಸುತ್ತಾನೆ. ಅವನ ಮನೆಯ ಮಹಡಿಯ ಕಿಟಕಿಯಲ್ಲಿ ಮಗಳು ಉಮ್ಮೆ ಹಾನಿ ಕುಳಿತಿದ್ದಳು. ತಲೆಯ ಮೇಲೆ ಬಿಳಿ ದುಪಟ್ಟಾ, ಎರಡೂ ಕೈ ಕಂಬಿಯ ಮೇಲೆ. ಪಾಠ ಮುಗಿಯುವವರೆಗೂ ಅಲ್ಲಾಡಲಿಲ್ಲ. ನನ್ನ ಕಡೆಯೇ ನೋಡುತ್ತಿದ್ದಳು.

ಅವಳು ಇರಬೇಕಾಗಿದ್ದದ್ದು ಈ ಕೋಣೆಯಲ್ಲಿ. ಮೇ ತಿಂಗಳಲ್ಲಿ ಅವಳ ಹೆಸರನ್ನು ಪಟ್ಟಿಯಿಂದ ತೆಗೆದವನು ನಾನು.

ಜುಲೈ 11, ಗುರುವಾರ

ಇವತ್ತೂ ಇದ್ದಳು.

ನಡೆದದ್ದನ್ನು ಬರೆದಿಡುತ್ತೇನೆ. ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕುರ್‌ಆನ್ ಮತ್ತು ಅರಬ್ಬಿ, ಆಮೇಲೆ ಸರ್ಕಾರದ ಪಠ್ಯ. ಎರಡು ವರ್ಷಗಳಿಂದ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ. ಆ ನೂರು ಹೇಗೆ ಬರುತ್ತದೆಂದು ಶಿಕ್ಷಕರಿಗೆಲ್ಲ ಗೊತ್ತು. ಒಂಬತ್ತನೇ ತರಗತಿಯ ಕೊನೆಯಲ್ಲಿ ದಡ್ಡರೆನಿಸಿದವರ ತಂದೆಯನ್ನು ಕರೆಸಿ, ಟಿ.ಸಿ. ತೆಗೆದುಕೊಂಡುಬಿಡಿ ಎನ್ನುತ್ತೇವೆ. ಈ ವರ್ಷ ನಾಲ್ಕು ಮಂದಿ. ಮೂವರು ಬೇರೆ ಶಾಲೆ ಸೇರಿದರು. ಹಾನಿ ಮನೆಯಲ್ಲಿ ಉಳಿದಳು.

ನಾನು ತಪ್ಪೇನು ಮಾಡಿದೆ? ಬೋರ್ಡಿನಲ್ಲಿ ಎಂಟು ಎಂದಿದ್ದರೆ ಮೂರು ಎಂದು ಬರೆದುಕೊಳ್ಳುತ್ತಿದ್ದಳು. ಹಿಂದಿನ ಬೆಂಚು, ಬಾಯಿ ಬಿಡುತ್ತಿರಲಿಲ್ಲ. ಗಣಿತದಲ್ಲಿ ಎಂಬತ್ತಕ್ಕೆ ಒಂಬತ್ತು. ಅರಬ್ಬಿ ಉಸ್ತಾದರು ಮಾತ್ರ, ‘ಒಂದು ಸಲ ಕೇಳಿದರೆ ಸಾಕು, ಅಕ್ಷರ ಬಿಡದೆ ಒಪ್ಪಿಸ್ತಾಳೆ’ ಎನ್ನುತ್ತಿದ್ದರು. ಬಾಯಿಪಾಠಕ್ಕೆ ತಲೆ ಬೇಕಿಲ್ಲ ಎಂದು ನಾನೇ ಅವರಿಗೆ ಹೇಳಿದ್ದೆ.

ಜುಲೈ 23, ಮಂಗಳವಾರ

ಕಿಟಕಿ ಮುಚ್ಚಿಸಿದೆ. ಗಲ್ಲಿಯ ಗಲಾಟೆ ಎಂದು ಮಕ್ಕಳಿಗೆ ಹೇಳಿದೆ.

ಕೋಣೆಗೆ ಇರುವುದು ಅದೊಂದೇ ದೊಡ್ಡ ಕಿಟಕಿ. ಕರೆಂಟೂ ಹೋಗಿತ್ತು. ಕತ್ತಲೆಯಲ್ಲಿ ಬೋರ್ಡು ಕಾಣುವುದಿಲ್ಲವೆಂದು ಹಿಂದಿನವರು ಗೊಣಗಿದರು. ಬರೆಯುವ ಸಾಲನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಬೇಕಾಯಿತು. ‘ಎರಡು ಎಕ್ಸ್ ಅಧಿಕ ಐದು ಸಮ ಹದಿಮೂರು. ಐದನ್ನು ಆಚೆ ಕಳಿಸಿದೆ. ಯಾಕೆ ಋಣವಾಯಿತು?’ ಗಂಟಲು ಒಣಗಿತು. ವ್ಯರ್ಥ ಶ್ರಮ. ನಾಳೆಯಿಂದ ಬ್ಯಾಟರಿ ದೀಪ ತರಬೇಕು.

ಆದರೂ ಬೆನ್ನಿಗೆ ನೋಟ ತಾಗುತ್ತಲೇ ಇತ್ತು. ಮುಚ್ಚಿದ ಕಿಟಕಿಯ ಮೂಲಕ ಹೇಗೆ ತಾಗಲು ಸಾಧ್ಯ?

ಆಗಸ್ಟ್ 6, ಮಂಗಳವಾರ

ಸೆಕೆ ತಡೆಯಲಾರದೆ ಒಬ್ಬ ಹುಡುಗಿ ತಲೆ ತಿರುಗಿ ಬಿದ್ದಳು. ಬೆಳಿಗ್ಗೆ ಏಳಕ್ಕೆ ಬರುವಾಗ ಏನೂ ತಿಂದಿರಲಿಲ್ಲವಂತೆ. ಕೇಳಿದೆ, ಹನ್ನೊಂದು ಮಂದಿ ಹಾಗೆಯೇ ಬರುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಕಹಕಶಾನ್ ಮೇಡಂಗೆ ಹೇಳಿ ಒಂಬತ್ತು ಗಂಟೆಗೆ ಹತ್ತು ನಿಮಿಷ ಬಿಡುವು ಕೊಡಿಸಿದೆ.

ಕಿಟಕಿ ತೆಗೆಯಲೇಬೇಕಾಯಿತು. ಅವಳು ಅದೇ ಜಾಗದಲ್ಲಿದ್ದಳು, ಎರಡು ವಾರದಿಂದ ಎದ್ದೇ ಇಲ್ಲವೇನೋ ಎನ್ನುವಂತೆ. ನಾನು ಒಂದು ಸಾಲು ಹೇಳಿ ನಿಲ್ಲಿಸಿದರೆ ಅವಳ ತುಟಿ ಅಲ್ಲಾಡುತ್ತದೆ. ಶಾಪ ಹಾಕುತ್ತಿದ್ದಾಳೆಯೇ?

ಆಗಸ್ಟ್ 21, ಬುಧವಾರ

ಹಾಜರಿ ಕೂಗುವಾಗ ನನಗೇ ಗೊತ್ತಿಲ್ಲದೆ ‘ಉಮ್ಮೆ ಹಾನಿ’ ಎಂದುಬಿಟ್ಟೆ. ಮಕ್ಕಳು ತಲೆಯೆತ್ತಿ ನೋಡಿದರು. ಎದುರು ಕಿಟಕಿಯಿಂದ ಯಾರೋ ಪಿಸುಗುಟ್ಟಿದಂತೆ ಕೇಳಿತು: ‘ಹಾಜರ್ ಸಾರ್.’

ಮಕ್ಕಳಿಗೂ ಕೇಳಿಸಿತೋ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಶಿಕ್ಷಕರ ದಿನಾಚರಣೆ. ಮಕ್ಕಳು ಪೆನ್ನು, ಹೂವು ಕೊಟ್ಟರು.

ಊಟದ ಹೊತ್ತಿನಲ್ಲಿ ಕನ್ನಡದ ಮೇಷ್ಟರು ಮೌನೇಶ್ ಪಕ್ಕದಲ್ಲಿ ಬಂದು ಕುಳಿತರು. ಪಾಂಡವಪುರದ ಅಕ್ಕಸಾಲಿಗರ ಮನೆಯವರು, ದಿನಾ ಒಂದೇ ಬಸ್ಸಿನಲ್ಲಿ ಬರುತ್ತೇವೆ.

‘ಜಫರಣ್ಣ, ಕಿರುಪರೀಕ್ಷೇಲಿ ನಿಮ್ಮ ಹುಡುಗರು ಶಾನೆ ಚೆನ್ನಾಗಿ ಮಾಡವ್ರಲ್ಲ. ಹಿಂದಿನ ಬೆಂಚಿನೋರೂ ಪಾಸಾಗವ್ರೆ. ಏನು ಮಾಡುದ್ರಿ?’

‘ಹೊಸ ಗೈಡು ತಂದಿದ್ದೀನಿ’ ಎಂದೆ. ಅದೇ ಇರಬೇಕು.

‘ಗೈಡಲ್ಲ ಬುಡಿ. ಪಕ್ಕದ ಕ್ಲಾಸಿಗೆ ನಿಮ್ಮ ಪಾಠ ರೇಡಿಯೋದಂಗೆ ಕೇಳ್ತದೆ. ಮೊದ್ಲು ನಿಮ್ಮ ಕ್ಲಾಸಿಂದ ಸೀಮೆಸುಣ್ಣದ ಸದ್ದು ಬುಟ್ರೆ ಏನೂ ಕೇಳ್ತಿರ್ಲಿಲ್ಲ.’

ಏನು ಹೇಳುತ್ತಿದ್ದಾರೋ ತಿಳಿಯಲಿಲ್ಲ. ಬೇಜಾರಾದರೆ ಬಾಗಿಲು ಹಾಕಿಕೊಳ್ಳಲಿ.

ಮನೆಯಲ್ಲಿ ಹೆಂಡತಿ ಕೇಳಿದಳು, ‘ಅನ್ನ ಕಲಸ್ಕೊಂಡು ಯಾರಿಗೆ ಲೆಕ್ಕ ಹೇಳ್ಕೊಡ್ತಾ ಇದ್ದೀರಿ?’

ಸೆಪ್ಟೆಂಬರ್ 19, ಗುರುವಾರ

ಕಿಟಕಿ ಮುಚ್ಚಿದೆ. ನಮ್ಮದಲ್ಲ, ಅವಳ ಮನೆಯದು.

ಸೆಪ್ಟೆಂಬರ್ 20, ಶುಕ್ರವಾರ

ಮುಚ್ಚಿದೆ.

ಸೆಪ್ಟೆಂಬರ್ 24, ಮಂಗಳವಾರ

ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಎದುರು ಕಿಟಕಿಯ ಮುಚ್ಚಿದ ಹಸಿರು ಬಾಗಿಲಿನ ಹಿಂದಿನಿಂದ ನನ್ನದೇ ಸಾಲು ಒಂದು ಕ್ಷಣ ತಡವಾಗಿ ವಾಪಸು ಬರುತ್ತದೆ. ‘ಯಾಕೆ ಋಣವಾಯಿತು’ ಎಂದರೆ, ಆಚೆಯಿಂದ ‘ಯಾಕೆ ಋಣವಾಯಿತು’. ತಿರುಗಿ ನೋಡಿದರೆ ಯಾರ ತುಟಿಯೂ ಅಲ್ಲಾಡುತ್ತಿಲ್ಲ. ಇವತ್ತು ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಕೆಳಗಿಳಿದು ಬಂದೆ. ಹಾಗೆ ಹಿಂದೆಂದೂ ಮಾಡಿದವನಲ್ಲ.

ಗಲ್ಲಿಯ ತುದಿಯಲ್ಲಿ ಗಫಾರ್ ಆಟೋಗೆ ಬೆಲ್ಲದ ಪೆಟ್ಟಿಗೆ ತುಂಬುತ್ತಿದ್ದ. ಸಂತೆ, ಆಲೆಮನೆ ಸುತ್ತಿ ಬೆಳೆದವನು. ಕನ್ನಡಕ್ಕೆ ಉರ್ದು ಬೆರೆಸಿ ಮಾತಾಡುತ್ತಾನೆ. ಸಲಾಂ ಹೇಳಿದ. ನನ್ನ ಮುಖ ನೋಡಿದವನೇ ಮನೆಗೆ ಹೋಗಿ ನೀರು ತಂದುಕೊಟ್ಟ.

‘ಮಗಳು ಕಾಣಿಸ್ತಿಲ್ಲವಲ್ಲ.’

‘ಮಾಕವಳ್ಳಿಗೆ ಕಳ್ಸಿದೀನಿ ಸಾರ್, ಅವಳ ಚಿಕ್ಕಮ್ಮ, ಖಾಲಾ ಮನೆಗೆ. ಇಲ್ಲಿ ಮನೇಲಿ ಯಾರ ಕುಟ್ಟೂ ಮಾತಿಲ್ಲ ಕತೆಯಿಲ್ಲ. ಅಲ್ಲಾದ್ರೂ ಹೊಲಿಗೆ ಕಲೀಲಿ ಅಂತ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಲೋಟವನ್ನು ಕುಡಿಯದೆ ಹಿಂದಿರುಗಿಸಿದೆ.

ಅಕ್ಟೋಬರ್ 8, ಮಂಗಳವಾರ

ದಸರಾ ರಜೆ. ಕೆ.ಆರ್. ಪೇಟೆಯಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಮಾಕವಳ್ಳಿಗೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಯಾಕೆ ಹೋಗುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅವಳು ಬದುಕಿದ್ದಾಳೆಂದು ಕಣ್ಣಾರೆ ನೋಡಬೇಕಿತ್ತು, ಅಷ್ಟೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ.

ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲೇ ಚಿಕ್ಕಮ್ಮ ದಿಲ್ಷಾದಳ ಮನೆ, ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ. ಹಾನಿ ಒಂದರ ಮುಂದೆ ಕುಳಿತಿದ್ದಳು. ನಾನು ಬಾಗಿಲಲ್ಲಿ ನಿಂತೆ. ತಲೆಯೆತ್ತಿ ನೇರ ನನ್ನ ಮುಖವನ್ನೇ ನೋಡಿದಳು, ಅದೇ ನೋಟ. ಆಮೇಲೆ ಒಳಕ್ಕೆ ತಿರುಗಿ, ‘ಖಾಲಾ, ಯಾರೋ ಬಂದವ್ರೆ’ ಎಂದಳು.

ನಾನು ‘ಹಾನಿ’ ಎಂದೆ. ದನಿ ಕೇಳಿದ್ದೇ ತಡ, ದಡಬಡಿಸಿ ಎದ್ದು ನಿಂತಳು. ‘ಜಫರ್ ಸಾರ್? ಅಸ್ಸಲಾಮು ಅಲೈಕುಂ ಸಾರ್.’

ದಿಲ್ಷಾದ್ ಚಹಾ ತಂದಳು. ‘ಬುದ್ಧಿ ಚುರುಕದೆ ಸಾರ್. ಅಳತೆ ಒಂದ್ಸಾರಿ ಹೇಳಿದ್ರೆ ಮರೆಯಲ್ಲ. ಆದ್ರೆ ಬಟ್ಟೇನ ಮೂಗಿಗೆ ತಗಲಿಸ್ಕೊಂಡೇ ಹೊಲೀತಾಳೆ. ಬೆನ್ನು ಗೂನಾಗೋಯ್ತದೆ ಅಂತ ಬೈತೀನಿ.’

ನಾನು ಹಾನಿಯನ್ನು ಕೇಳಿದೆ, ‘ಕಿಟಕೀಲಿ ಕೂತು ಬೋರ್ಡು ನೋಡಿ ಬರ್ಕೊಳ್ತಿದ್ದೆಯೇನಮ್ಮ?’

‘ಬೋರ್ಡು ಎಲ್ಲಿ ಕಾಣ್ತದೆ ಸಾರ್ ಅಷ್ಟು ದೂರಕ್ಕೆ? ನೀವು ಹೇಳೋದು ಕೇಳ್ತಿತ್ತು. ಅದ್ನೇ ಬಾಯಲ್ಲಿ ಅಂದ್ಕೊಳ್ತಿದ್ದೆ.’

‘ಮತ್ತೆ ನನ್ನನ್ನೇ ನೋಡ್ತಿದ್ದೆಯಲ್ಲ.’

ಅವಳಿಗೆ ಅರ್ಥವಾಗಲಿಲ್ಲ. ‘ನೀವು ಯಾವ ಕಡೆ ನಿಂತಿದ್ದೀರಿ ಅಂತ್ಲೂ ಗೊತ್ತಾಗ್ತಿರ್ಲಿಲ್ಲ ಸಾರ್. ಕೋಣೆ ಒಳಗೆ ಎಲ್ಲಾ ಮಂಜು ಮಂಜು. ಎಲ್ಲರ್ಗೂ ಅಂಗೇ ಅಲ್ವಾ ಕಾಣೋದು?’

ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳು ಎಂದು ಕೇಳಿದೆ. ಮೂರು ಹೆಜ್ಜೆ ಮುಂದೆ ಹೋಗಿ, ಇನ್ನೂ ಎರಡು ಹೆಜ್ಜೆ ಹೋಗಿ, ಹಣೆ ತಗಲುವಷ್ಟು ಹತ್ತಿರ ನಿಂತು ‘ಅಕ್ಟೋಬರ್’ ಎಂದಳು.

ಬಾಯಲ್ಲೇ ಒಂದು ಲೆಕ್ಕ ಕೊಟ್ಟೆ. ಬಾಯಲ್ಲೇ ಬಿಡಿಸಿದಳು. ಇನ್ನೊಂದು ಕೊಟ್ಟೆ, ಕಷ್ಟದ್ದು. ಸ್ವಲ್ಪ ತಡೆದು ಅದನ್ನೂ ಬಿಡಿಸಿದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಬಂದೆ.

ಅಕ್ಟೋಬರ್ 10, ಗುರುವಾರ

ಗಫಾರನ ಮನೆಗೆ ಹೋದೆ. ಬಸ್ಸಿಳಿದಾಗಿನಿಂದ ಮಾತು ಜೋಡಿಸಿಕೊಂಡು ಹೋಗಿದ್ದೆ, ಅಲ್ಲಿ ಒಂದೂ ನೆನಪಾಗಲಿಲ್ಲ. ‘ನಿನ್ನ ಮಗಳು ದಡ್ಡಿ ಅಲ್ಲ. ಕಣ್ಣು ಕಾಣ್ತಿರಲಿಲ್ಲ. ನಾನು ನೋಡಲಿಲ್ಲ’ ಎಂದಷ್ಟೇ ಹೇಳಿದೆ.

ಅವನು ಕೈಯಲ್ಲಿದ್ದ ಆಟೋ ಕೀಲಿಯನ್ನು ಗೋಡೆಯ ಗೂಡಿನಲ್ಲಿಟ್ಟ.

‘ಒಂಬತ್ತು ವರ್ಷ ನಿಮ್ಮ ಸ್ಕೂಲಲ್ಲೇ ಓದಿದ್ಲಲ್ಲ ಸಾರ್’ ಎಂದ. ಮತ್ತೆ, ‘ನಾನೂ ಅಪ್ಪ, ನಂಗೂ ಗೊತ್ತಾಗ್ಲಿಲ್ಲ. ನಿಮ್ಮನ್ನೊಬ್ಬರ್ನೇ ಏನನ್ನಲಿ?’

‘ಅವಳಿಗೆ ನನ್ನ ಮೇಲೆ ಎಷ್ಟು ಸಿಟ್ಟಿರಬೇಕು.’

‘ನಿಮ್ಮ ಮೇಲಾ? ಅವಳಿಗೆ ಗೊತ್ತೇ ಇಲ್ಲ ಸಾರ್.’ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘ನೀವು ಟಿ.ಸಿ. ತಗೊಂಡೋಗು ಅಂದದ್ದು ಹೇಳಿಲ್ಲ. ನಾನೇ ಬುಡಿಸ್ದೆ ಅಂದಿದೀನಿ. ಓದಿದ್ದು ಸಾಕು ಅಂತ ನಾನೇ ನಿಲ್ಸಿದೆ ಅಂತ.’

‘ಯಾಕೆ?’

‘ಕಲಿಸೋ ಮೇಷ್ಟ್ರೇ ಬ್ಯಾಡ ಅಂದ್ರು ಅಂತ ಗೊತ್ತಾದ್ರೆ ಮಕ್ಕಳ ಮನಸು ಮುರೀತದೆ. ಇನ್ನೆಂದೂ ಪುಸ್ತಕ ಮುಟ್ಟಲ್ಲ. ಅಪ್ಪನ ಮೇಲೆ ಸಿಟ್ಟಾದ್ರೆ ಏನಾಯ್ತದೆ, ಇವತ್ತಲ್ಲ ನಾಳೆ ಹೋಯ್ತದೆ.’

ಅವಳನ್ನು ಮತ್ತೆ ಸೇರಿಸಿ ಪರೀಕ್ಷೆಗೆ ಕೂರಿಸುತ್ತೇನೆ, ನಿಜವನ್ನೂ ಅವಳಿಗೆ ನಾನೇ ಹೇಳಿಬಿಡುತ್ತೇನೆ ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ‘ಪರೀಕ್ಷೆಗೆ ಕೂರಿಸ್ತೀನಿ ಅಂದ್ರೆ ಅದು ಮುಗಿಯೋವರ್ಗೂ ಬ್ಯಾಡ ಸಾರ್. ಖುದಾ ಕೆ ವಾಸ್ತೆ, ನಿಮ್ಮ ದಮ್ಮಯ್ಯ.’

ಅಕ್ಟೋಬರ್ 22, ಮಂಗಳವಾರ

ಗಫಾರ್ ಮೈಸೂರಿನಲ್ಲಿ ಹಾನಿಯ ಕಣ್ಣು ತೋರಿಸಿದ. ಎರಡು ಕಣ್ಣಿಗೂ ಮೈನಸ್ ಆರರ ಹತ್ತಿರದ ಗಾಜು. ಚಿಕ್ಕಂದಿನಿಂದಲೂ ಇದ್ದಿರಬೇಕು ಎಂದರಂತೆ ಡಾಕ್ಟರು.

ಅವಳನ್ನು ಮತ್ತೆ ಹತ್ತನೇ ತರಗತಿಗೆ ಸೇರಿಸಿಕೊಳ್ಳುವ ಅರ್ಜಿಯನ್ನು ಕಹಕಶಾನ್ ಮೇಡಂ ಮುಂದೆ ಇಟ್ಟೆ. ಅವರು ಕೆಟ್ಟವರಲ್ಲ. ಊರೂರು ತಿರುಗಿ, ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಬಂದು ಈ ಶಾಲೆ ನಿಲ್ಲಿಸಿದವರು.

‘ಜಫರ್ ಸಾಬ್, ಐದು ತಿಂಗಳ ಪಾಠ ಹೋಗಿದೆ. ಅವಳು ಫೇಲಾದರೆ ನೂರು ಹೋಯಿತು. ನೂರು ಹೋದರೆ ಕಮಿಟಿ ನನ್ನನ್ನು ಕೇಳುತ್ತೆ. ನಾಗಮಂಗಲದಿಂದ ಮಗಳನ್ನು ಕಳಿಸೋ ತಂದೆ ನೂರಕ್ಕೆ ನೂರು ಅನ್ನೋ ಬ್ಯಾನರು ನೋಡಿ ಕಳಿಸ್ತಾನೆ, ನಮ್ಮ ಮನಸ್ಸು ನೋಡಿ ಅಲ್ಲ.’

‘ಪಾಠ ಹೋಗಿಲ್ಲ ಮೇಡಂ. ಕೇಳಿಸಿಕೊಂಡಿದ್ದಾಳೆ.’

‘ಎಲ್ಲಿಂದ?’

ಹೇಳಿದೆ. ಅವರು ಎದ್ದು ಹೋಗಿ ತಮ್ಮ ಕೋಣೆಯ ಕಿಟಕಿಯಿಂದ ಎದುರು ಮನೆಯನ್ನು ನೋಡಿದರು.

ಅವಳನ್ನು ಅನರ್ಹಳೆಂದು ಬರೆದದ್ದು ನನ್ನ ತಪ್ಪು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಅವರು ಎರಡು ಸಲ ಓದಿದರು. ‘ಫಲಿತಾಂಶ ಕೆಟ್ಟರೆ ಮುಂದಿನ ವರ್ಷ ಹತ್ತನೇ ತರಗತಿ ನಿಮಗೆ ಕೊಡಲಾಗುವುದಿಲ್ಲ. ಈ ಹಾಳೆ ನೋಡಿದರೆ ಕಮಿಟಿ ನಿಮ್ಮನ್ನೇ ಬೇಡ ಅಂದರೂ ಅನ್ನಬಹುದು.’

ಸರಿ ಎಂದೆ. ಅವರು ಅರ್ಜಿಗೆ ಸಹಿ ಮಾಡಿದರು.

ನವೆಂಬರ್ 4, ಸೋಮವಾರ

ಹಾನಿ ಮೊದಲ ಬೆಂಚಿನಲ್ಲಿ ಕುಳಿತಳು. ಕಪ್ಪು ಚೌಕಟ್ಟಿನ ದಪ್ಪ ಕನ್ನಡಕ. ಬೋರ್ಡು, ಗೋಡೆ, ಫ್ಯಾನು, ಪಕ್ಕದವಳ ಕೈಯ ಮೆಹಂದಿ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಕೊನೆಗೆ ನನ್ನನ್ನು. ಎಷ್ಟು ಹೊತ್ತು ನೋಡಿದಳೆಂದರೆ ನಾನು ಬೋರ್ಡಿನ ಕಡೆ ತಿರುಗಿಬಿಟ್ಟೆ.

‘ನಿಮಗೆ ಗಡ್ಡ ಬೆಳ್ಳಗಾಗಿದೆ ಸಾರ್’ ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕದ್ದು ಪಕ್ಕದ ತರಗತಿಗೂ ಕೇಳಿಸಿತೆಂದು ಮೌನೇಶ್ ಆಮೇಲೆ ಹೇಳಿದರು.

ಕಿಟಕಿ ಖಾಲಿಯಿದೆ. ಆದರೂ ಅಲ್ಲಿ ಒಂದು ಬಿಳಿಯ ಆಕಾರ ಕುಳಿತೇ ಇದೆ. ಕಣ್ಣುಜ್ಜಿಕೊಂಡರೂ ಹೋಗುವುದಿಲ್ಲ.

ಡಿಸೆಂಬರ್ 12, ಗುರುವಾರ

ಇವತ್ತು ನೋಟ್‌ಬುಕ್ಕು ತಿದ್ದಿಸಿಕೊಳ್ಳಲು ಬಂದವಳು ಹೇಳಿದಳು, ‘ನೀವು ಮಾಕವಳ್ಳಿವರ್ಗೂ ಬರ್ದೇ ಇದ್ದಿದ್ರೆ ನಾನು ಅಲ್ಲೇ ಇರ್ತಿದ್ದೆ ಸಾರ್. ನಮ್ಮಬ್ಬಾಗೆ ನಾನು ಓದೋದೇ ಬೇಕಿರ್ಲಿಲ್ಲ.’

‘ಹಾಗನ್ನಬೇಡ.’

‘ನಿಮಗೆ ಗೊತ್ತಿಲ್ಲ ಸಾರ್. ಸ್ಕೂಲು ಬುಡಿಸಿದ್ ದಿನ ಎಷ್ಟು ಅತ್ತಿದ್ದೆ. ಒಂದು ಮಾತಾಡ್ಲಿಲ್ಲ ಅವರು. ಗೋಡೆ ಕಡೆ ಮುಖ ಮಾಡಿ ಮಲಗಿದ್ರು.’

ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ಮಿಕ್ಕದ್ದು ನಾಳೆ ನೋಡುತ್ತೇನೆಂದು ಕಳಿಸಿದೆ.

ಕಿಟಕಿಯಲ್ಲಿ ಇದ್ದಾಗ ಅವಳಿಗೆ ನಾನು ಕಾಣುತ್ತಿರಲಿಲ್ಲ. ಈಗ ಸ್ಪಷ್ಟವಾಗಿ ಕಾಣುತ್ತೇನೆ. ಅವಳು ನೋಡುತ್ತಿರುವುದು ಮಾತ್ರ ನಿಜವಾದ ನನ್ನನ್ನಲ್ಲ.

ಫೆಬ್ರವರಿ 6, ಗುರುವಾರ

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಾನಿಗೆ ಎಂಬತ್ತಕ್ಕೆ ನಲವತ್ತೊಂದು. ಮೇಡಂ ಪಟ್ಟಿಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು.

ಒಂಬತ್ತನೇ ತರಗತಿಯವರ ಕಣ್ಣನ್ನೆಲ್ಲ ನಾನೇ ಪರೀಕ್ಷಿಸಿದೆ. ಗೋಡೆಗೆ ಅಕ್ಷರ ಬರೆದು, ಒಬ್ಬೊಬ್ಬರನ್ನೇ ನಿಲ್ಲಿಸಿ. ಇಬ್ಬರು ಸಿಕ್ಕರು. ಒಬ್ಬನಿಗೆ ಕಿವಿ ಮಂದ. ಅವನ ಹೆಸರಿನ ಮುಂದೆ ‘ಗಮನವಿಲ್ಲ’ ಎಂದು ಎರಡು ವರ್ಷದಿಂದ ಬರೆದಿದೆ. ನನ್ನ ಕೈಬರಹ.

ಮಾರ್ಚ್ 24, ಸೋಮವಾರ

ಗಣಿತದ ಪರೀಕ್ಷೆ. ಮಕ್ಕಳೆಲ್ಲ ರಂಜಾನಿನ ರೋಜಾ ಉಪವಾಸದಲ್ಲಿದ್ದರು. ಒಣಗಿದ ತುಟಿಗಳ ಸಾಲು ಕೇಂದ್ರದ ಒಳಕ್ಕೆ ಹೋಯಿತು. ಮೂರು ಗಂಟೆ ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಗಫಾರ್ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ.

ಹೊರಗೆ ಬಂದ ಹಾನಿ ನೇರವಾಗಿ ನನ್ನ ಹತ್ತಿರ ಬಂದಳು. ‘ಕೊನೇ ಎರಡು ಬುಟ್ಟೆ ಸಾರ್. ಮಿಕ್ಕಿದ್ದೆಲ್ಲ ಮಾಡಿದೀನಿ.’ ತಂದೆಯ ಕಡೆ ತಿರುಗಿಯೂ ನೋಡಲಿಲ್ಲ. ಅವನು ಅಲ್ಲಿಂದಲೇ ನನ್ನ ಮುಖ ನೋಡಿದ. ತಲೆಯಾಡಿಸಿದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಏಪ್ರಿಲ್ 2, ಬುಧವಾರ

ಕೊನೆಯ ಪರೀಕ್ಷೆ ಮುಗಿಯಿತು. ಮಕ್ಕಳು ಪರಸ್ಪರ ಅಂಗಿಯ ಮೇಲೆ ಹೆಸರು ಬರೆದುಕೊಳ್ಳುತ್ತಿದ್ದರು. ಹಾನಿ ಮೊನ್ನೆಯ ಈದ್ ಹಬ್ಬದ ಶೀರ್ ಖುರ್ಮಾ ಪಾಯಸ ಎಂದು ಒಂದು ಡಬ್ಬಿ ಕೊಡಲು ಬಂದಳು. ಆ ಡಬ್ಬಿ ತೆಗೆದುಕೊಳ್ಳುವ ಮೊದಲೇ ಹೇಳಬೇಕಿತ್ತು.

‘ಕೂತ್ಕೊ’ ಎಂದೆ. ಕಟ್ಟೆಯ ಮೇಲೆ ಕುಳಿತಳು. ನಾನು ನಿಂತೇ ಹೇಳಿದೆ. ‘ಹೋದ ವರ್ಷ ನಿನ್ನನ್ನು ಬಿಡಿಸಿದ್ದು ನಿಮ್ಮಬ್ಬಾ ಅಲ್ಲ. ನಾನು. ಇವಳಿಂದ ಆಗಲ್ಲ, ಕರ್ಕೊಂಡು ಹೋಗು ಅಂತ ಅವರನ್ನು ಕರೆಸಿ ಹೇಳಿದೆ. ಫಲಿತಾಂಶ ಕೆಡದಿರಲಿ ಅಂತ.’

ಅವಳು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನಗು ನಿಂತಿತು.

‘ಅಬ್ಬಾಗೆ ಗೊತ್ತಿತ್ತಾ?’

‘ಗೊತ್ತಿತ್ತು. ನಿನಗೆ ನನ್ನ ಮೇಲೆ ಮನಸ್ಸು ಕೆಡದಿರಲಿ ಅಂತ ತಮ್ಮ ಮೇಲೆ ಹಾಕ್ಕೊಂಡ್ರು.’

ಮೈದಾನದ ಕಡೆ ನೋಡುತ್ತಾ ಕುಳಿತಳು. ನನಗಲ್ಲ, ಯಾರಿಗೂ ಅಲ್ಲದಂತೆ ಹೇಳಿದಳು: ‘ಹತ್ತು ತಿಂಗಳು ಅವರಿಗೆ ಸಲಾಂ ಹೇಳಿಲ್ಲ. ಈದ್ ಹಬ್ಬದ ದಿನ ಕೈ ಚಾಚಿದ್ರು. ನಾನು ಒಳಗೆ ಹೋಗ್ಬುಟ್ಟೆ.’

‘ಹಾನಿ—’

‘ಬ್ಯಾಡಿ ಸಾರ್.’

ಎದ್ದಳು. ಡಬ್ಬಿಯನ್ನು ಕೊಡಲೂ ಇಲ್ಲ, ಎಸೆಯಲೂ ಇಲ್ಲ. ಎದೆಗೆ ಒತ್ತಿಕೊಂಡು ಗೇಟಿನ ಕಡೆ ನಡೆದಳು. ಗಫಾರ್ ಎಂದಿನಂತೆ ಆಟೋದ ಹಿಂದಿನ ಹಲಗೆ ಇಳಿಸಿ ಕಾಯುತ್ತಿದ್ದ, ಅವಳು ಯಾವಾಗಲೂ ಹಿಂದೆಯೇ ಕೂರುತ್ತಿದ್ದದ್ದು. ಅವಳು ಹಲಗೆಯನ್ನು ದಾಟಿ ಮುಂದಕ್ಕೆ ಹೋಗಿ ಅವನ ಮುಂದೆ ನಿಂತಳು. ಏನು ಹೇಳಿದಳೋ ಕೇಳಿಸಲಿಲ್ಲ. ಅವನು ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಕ್ಷಮೆಯಿತ್ತೋ, ಬೈಗುಳವಿತ್ತೋ ಅಷ್ಟು ದೂರದಿಂದ ತಿಳಿಯಲಿಲ್ಲ. ಆಮೇಲೆ ಡ್ರೈವರ್ ಸೀಟಿನಲ್ಲಿ ಒಂದು ಕಡೆಗೆ ಸರಿದು ಕುಳಿತ. ಅಷ್ಟೇ ಅಗಲದ ಸೀಟಿನಲ್ಲಿ ಅವಳು ಅವನ ಪಕ್ಕಕ್ಕೆ ಒತ್ತಿ ಕುಳಿತಳು.

ಆಟೋ ತಿರುಗುವವರೆಗೂ ಅವಳು ನನ್ನ ಕಡೆ ನೋಡುತ್ತಾಳೇನೋ ಎಂದು ಕಾದೆ. ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ತಂದೆಗೆ ಕೊಡುತ್ತಿದ್ದಳು.